ಅಡಾ ಬರೆದ ಸಾಲಿನ ಉಳಿದರ್ಧ

ನಾನು ನಿವೃತ್ತಳಾಗಲು ಇನ್ನೊಂದೇ ವರ್ಷ ಉಳಿದಿತ್ತು. ಆಗ ನಾನು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ದಕ್ಷಿಣ ಭಾಗದಲ್ಲಿರುವ ಒಂದು ಸಣ್ಣ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಬೇ ಏರಿಯಾದಲ್ಲೇ ಇರುವ ನಮ್ಮೂರು ಡಬ್ಲಿನ್ನಿನ ಕನ್ನಡ ಬಳಗದಲ್ಲಿ ಈ ಉದ್ಯೋಗದ ಹೆಸರು ಹೇಳಿದರೆ ಜನ ನೇರವಾಗಿ, ನಿಮ್ಮ ಯಜಮಾನರು ಯಾವ ಕಂಪನಿಯಲ್ಲಿದ್ದಾರೆ ಎಂದು ಕೇಳುತ್ತಿದ್ದರು. ಹಳೆಯ ಕಾಗದ ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹರಿದದ್ದನ್ನು ಸೇರಿಸುತ್ತೇವೆ, ಮಡಿಕೆ ಬಿಡಿಸುತ್ತೇವೆ, ಕೊಳೆ ತೆಗೆಯುತ್ತೇವೆ. ಮಂಗಳೂರಿನಲ್ಲಿ ನನ್ನ ಸೋದರಮಾವನಿಗೆ ಬೈಂಡಿಂಗ್ ಅಂಗಡಿ ಇತ್ತು. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತು ಬೆರೆಸಿ ಕುದಿಸುವ ವಾಸನೆಯಲ್ಲಿ ಬೆಳೆದವಳು ನಾನು. ಕಾಗದದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪಲ್ಲವಿ ನನ್ನನ್ನು ಹುಡುಕಿಕೊಂಡು ಬಂದದ್ದು ಆ ವರ್ಷದ ಆಗಸ್ಟಿನಲ್ಲಿ. ಬೆಂಗಳೂರಿನ ಬಸವನಗುಡಿಯವಳು, ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಇಂಜಿನಿಯರ್. ಗಿಲ್‌ರಾಯ್ ಕಡೆಯ ಹಳೆಯ ರೈತ ಮನೆತನದ ಮಾರ್ಕ್ ಎಂಬ ಹುಡುಗನನ್ನು ಮದುವೆಯಾಗಿ ಹದಿಮೂರು ವರ್ಷವಾಗಿತ್ತು. ರಾಜ್ಯೋತ್ಸವದ ಊಟಕ್ಕೆ ಒಟ್ಟಿಗೆ ಕೂತು ತರಕಾರಿ ಹೆಚ್ಚಿದ್ದೇ ನಮ್ಮ ಪರಿಚಯ. ಫ್ರಿಜ್ಜಿನಲ್ಲಿ ಕೊತ್ತಂಬರಿ ಇಡುವಂಥ ಪ್ಲಾಸ್ಟಿಕ್ ಚೀಲವೊಂದನ್ನು ಅವಳು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಅಂಗೈಯಗಲದ ತೊಗಲು ರಟ್ಟಿನ ಪುಸ್ತಕವಿತ್ತು.

"ವಾರಿಜಾ ಆಂಟಿ, ಇದು ಮಾರ್ಕ್ ಮನೆಯವರದ್ದು. ಇಡೀ ಫ್ಯಾಮಿಲಿಗೆ ಇದು ಒಂಥರಾ ದೇವರ ಪಟ ಇದ್ದ ಹಾಗೆ. ಸ್ವಲ್ಪ ಕ್ಲೀನ್ ಮಾಡಿ ಕೊಡ್ತೀರಾ?" ಎಂದಳು.

ಅದು ಹೆನ್ರಿ ಎಂಬಾತನ ತೋಟದ ದಿನಚರಿ. ದೇಶದ ಪೂರ್ವ ಭಾಗದಿಂದ ಚಿಕ್ಕ ವಯಸ್ಸಿನಲ್ಲಿ ಬಂದು, ಗಿಲ್‌ರಾಯ್ ಹತ್ತಿರ ನೆಲೆ ನಿಂತು ಒಣಗಿಸಿ ಮಾರುವ ಪ್ರೂನ್ ಹಣ್ಣಿನ ತೋಟ ಮಾಡಿದವನು. 1911ರ ಅಕ್ಟೋಬರ್ 10ರಂದು, ಹೆಂಗಸರಿಗೂ ಮತದಾನದ ಹಕ್ಕು ಕೊಡಬೇಕೇ ಬೇಡವೇ ಎಂದು ಕ್ಯಾಲಿಫೋರ್ನಿಯಾದ ಗಂಡಸರು ವೋಟು ಹಾಕಿದರು. ಸ್ಯಾನ್ ಫ್ರಾನ್ಸಿಸ್ಕೋ ನಗರ ಬೇಡ ಎಂದಿತು. ಕೊನೆಗೆ ಹಳ್ಳಿಗಾಡಿನ ವೋಟುಗಳ ಬಲದಿಂದ, ಬಹಳ ಸಣ್ಣ ಅಂತರದಲ್ಲಿ, ಹಕ್ಕು ಸಿಕ್ಕಿತು. ಆ ದಿನದ ಪುಟದಲ್ಲಿ ಹೆನ್ರಿ ಶಾಯಿಯಲ್ಲಿ ಬರೆದಿದ್ದ: 'ಶಾಲೆಗೆ ಹೋಗಿ ಹೆಂಗಸರ ಪರವಾಗಿ ವೋಟು ಹಾಕಿದೆ. ಮಧ್ಯಾಹ್ನ ಪ್ರೂನ್ ಒಣಗಿಸುವ ಹಲಗೆಗಳನ್ನು ಎತ್ತಿಟ್ಟೆ.'

ಇದರಲ್ಲಿ ಮೊದಲನೆಯ ವಾಕ್ಯ ಆ ಮನೆಯವರ ಕಿರೀಟ. ಗೋಡೆಯ ಮೇಲೆ ಅದಕ್ಕೆ ಚೌಕಟ್ಟು ಹಾಕಿದ್ದರು. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಸೇರುವಾಗ ಹಾಕಿಕೊಳ್ಳುವ ಟೀ ಶರ್ಟಿನ ಬೆನ್ನ ಮೇಲೂ ಅದೇ ವಾಕ್ಯ. ಹೆನ್ರಿ ವೋಟು ಹಾಕಿದ ಒಂದು ಕೋಣೆಯ ಶಾಲೆ ಈಗಲೂ ಇದೆ. ಅದರ ಗೋಡೆಗೆ ಅವನ ಹೆಸರಿನ ಕಂಚಿನ ಫಲಕ ಹಾಕುವುದೆಂದು ತೀರ್ಮಾನವಾಗಿತ್ತು. ಹಾಗೆ ಹಟ ಹಿಡಿದವರು ಹೆನ್ರಿಯ ಮೊಮ್ಮಗಳು ಡೊರಥಿ, ಮಾರ್ಕನ ಅಜ್ಜಿ. ಅವರಿಗೆ ಎಂಬತ್ತೇಳು ವರ್ಷ. ಏರ್ಪಾಡಿನ ಹೊಣೆಯನ್ನು ಪಲ್ಲವಿ ತಾನೇ ಕೇಳಿ ತೆಗೆದುಕೊಂಡಿದ್ದಳು. ಅವಳ ಹನ್ನೊಂದು ವರ್ಷದ ಮಗಳು ತಾರಾ ಫಲಕ ಹಾಕುವ ದಿನ ಪುಸ್ತಕ ಹಿಡಿದು ಆ ವಾಕ್ಯವನ್ನು ಓದಬೇಕಾಗಿತ್ತು.

"ಎಲ್ಲಾರೂ ನನ್ನ ಜೊತೆ ತುಂಬಾ ನೈಸಾಗೇ ಇರ್ತಾರೆ ಆಂಟಿ. ಆದ್ರೂ ಆ ಮನೇಲಿ ನಾನಿನ್ನೂ ಗೆಸ್ಟೇ. ಇದೊಂದನ್ನ ನೀಟಾಗಿ ಮಾಡಿಬಿಟ್ರೆ ಸಾಕು," ಎಂದಳು. ಆ ಮಾತು ನನಗೆ ತಟ್ಟಿತು. ಮ್ಯೂಸಿಯಮ್ಮಿನ ನಿರ್ದೇಶಕರ ಒಪ್ಪಿಗೆ ಪಡೆದು ಪುಸ್ತಕವನ್ನು ಕೈಗೆತ್ತಿಕೊಂಡೆ.

ನಮ್ಮ ವೃತ್ತಿಯ ಮೊದಲ ನಿಯಮ ಬಹಳ ಸರಳ. ಮುಟ್ಟುವ ಮೊದಲು ಫೋಟೋ ತೆಗೆಯಬೇಕು. ಪ್ರತಿ ಪುಟಕ್ಕೂ ಎರಡು: ಒಂದು ಸಾಮಾನ್ಯ ಬೆಳಕಿನಲ್ಲಿ, ಇನ್ನೊಂದು ದೀಪವನ್ನು ಪಕ್ಕದಲ್ಲಿ ತಗ್ಗಿಸಿ ಇಟ್ಟು ಓರೆ ಬೆಳಕಿನಲ್ಲಿ. ಓರೆ ಬೆಳಕಿನಲ್ಲಿ ಕಾಗದದ ಮೇಲಿನ ಸಣ್ಣ ಗೀರು, ತಗ್ಗು, ಒತ್ತಿದ ಗುರುತು ಎಲ್ಲ ಎದ್ದು ಕಾಣುತ್ತವೆ. ಪುಸ್ತಕದಲ್ಲಿ ತೊಂಬತ್ತೆರಡು ಪುಟಗಳಿದ್ದವು. ತೊಂಬತ್ತೊಂದಕ್ಕೆ ನಿಯಮದಂತೆ ಫೋಟೋ ತೆಗೆದೆ. ಬಿಟ್ಟದ್ದು ಒಂದೇ, ಎಪ್ಪತ್ತೊಂದನೆಯ ಪುಟ. ಅದು ಆ ಪ್ರಸಿದ್ಧ ಪುಟ.

ಯಾಕೆ ಬಿಟ್ಟೆ? ಅದರ ದೊಡ್ಡ ಸ್ಕ್ಯಾನ್ ಮೊದಲೇ ಇತ್ತು. ಕಾರ್ಯಕ್ರಮದ ಪೋಸ್ಟರಿಗೆಂದು ಮಾಡಿಸಿ ಪಲ್ಲವಿಯೇ ಕಳಿಸಿದ್ದಳು. ಫೈಲಿನ ಹೆಸರು ನೋಡಿದೆ, ತೆರೆದು ನೋಡಲಿಲ್ಲ. ಎಲ್ಲರೂ ನೋಡಿ ನೋಡಿ ಸವೆದ ಪುಟ, ಅದರಲ್ಲಿ ಹೊಸದೇನಿರುತ್ತದೆ ಎಂಬ ಉದಾಸೀನ. ಅದೇ ಹೊತ್ತಿಗೆ ಡೊರಥಿಯವರ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿ, ಕಾರ್ಯಕ್ರಮವನ್ನು ಎರಡು ವಾರ ಮುಂಚೆ ಮಾಡಬೇಕಾಯಿತು. ಅವಸರವಿತ್ತು ನಿಜ. ಆದರೆ ಅವಸರದ ಮೇಲೆ ಹೊರೆ ಹಾಕಿ ನಾನು ಪಾರಾಗಲಾರೆ. ಎರಡು ಫೋಟೋಗೆ ಐದು ನಿಮಿಷ ಸಾಕಿತ್ತು.

ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಆ ಪುಟಕ್ಕೆ ಕೂತೆ. ಕೊಳೆ ತೆಗೆಯಲು ನಾವು ನೀರು ಮುಟ್ಟಿಸುವುದಿಲ್ಲ. ಮೆದು ರಬ್ಬರನ್ನು ತೆಂಗಿನಕಾಯಿ ತುರಿದ ಹಾಗೆ ಸಣ್ಣಗೆ ತುರಿದು, ಆ ತುರಿಯನ್ನು ಕಾಗದದ ಮೇಲೆ ಉದುರಿಸಿ, ಬೆರಳ ತುದಿಯಿಂದ ಹಗುರವಾಗಿ ಸುತ್ತು ತಿರುಗಿಸುತ್ತೇವೆ. ಕೊಳೆ ತುರಿಗೆ ಅಂಟಿಕೊಂಡು ಬರುತ್ತದೆ. ಪುಟದ ಕೆಳ ಅಂಚಿನಲ್ಲಿ, ಬಲ ಮೂಲೆಯಿಂದ ಎಡದವರೆಗೆ, ಮಸಿ ಬಳಿದಂತಿತ್ತು. ಸೌದೆ ಒಲೆಯ ಅಡುಗೆಮನೆಯಲ್ಲಿದ್ದ ಪುಸ್ತಕ. ಬೇರೆ ಪುಟಗಳಲ್ಲೂ ಅಂಥದೇ ಮಸಿ ಇತ್ತು, ಅದನ್ನೆಲ್ಲ ತೆಗೆದಿದ್ದೆ. ಹೆಚ್ಚು ಕಪ್ಪಾಗಿದ್ದ ಬಲ ಮೂಲೆಯಿಂದಲೇ ಶುರು ಮಾಡಿದೆ. ಕಾಗದ ಚೆನ್ನಾಗಿ ಬೆಳ್ಳಗಾಗುತ್ತಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಅಂಚಿನ ಅರ್ಧ ದಾಟಿರಬೇಕು. ತುರಿಯನ್ನು ಬ್ರಷ್ಷಿನಿಂದ ಪಕ್ಕಕ್ಕೆ ಸರಿಸುವಾಗ ಅದು ದೀಪದ ಕೆಳಗೆ ಹೊಳೆಯಿತು. ಒಲೆಯ ಮಸಿ ಯಾವಾಗಲೂ ಮಂಕಾಗಿರುತ್ತದೆ, ಹೊಳೆಯುವುದಿಲ್ಲ. ಹೊಳೆಯುವುದು ಪೆನ್ಸಿಲ್ಲಿನ ಸೀಸ. ನನ್ನ ಕೈ ನಿಂತಿತು. ಎಡಭಾಗದಲ್ಲಿ, ಮೇಲಿನ ಮಸಿಯಷ್ಟೇ ಸರಿದು, ತೀರಾ ತೆಳುವಾದ ಅಕ್ಷರಗಳು ಕಾಣುತ್ತಿದ್ದವು. ಬಲಭಾಗದಲ್ಲಿ ಏನೂ ಇರಲಿಲ್ಲ. ನಾನು ಬಹಳ ಚೆನ್ನಾಗಿ ಕೆಲಸ ಮಾಡಿದ್ದೆ.

ಓರೆ ಬೆಳಕು ಹಿಡಿದು, ಭೂತಗನ್ನಡಿ ಇಟ್ಟು ಓದಿದೆ. ಇಂಗ್ಲಿಷಿನ ಆರು ಪದಗಳು. 'ಹಿ ವುಡ್ ನಾಟ್ ಗೋ ಟಿಲ್ ಐ.' ಅಂದರೆ, ನಾನು ಏನೋ ಮಾಡುವ ತನಕ ಅವರು ಹೋಗಲು ಒಪ್ಪಲೇ ಇಲ್ಲ. ಆ 'ನಾನು' ಏನು ಮಾಡಿದಳು ಎನ್ನುವುದು ಬಲಭಾಗದಲ್ಲಿತ್ತು.

ಬರೆದವಳು ಯಾರು ಎಂದು ತಿಳಿಯುವುದು ಕಷ್ಟವಾಗಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಏಪ್ರಿಕಾಟ್ ಜಾಮ್ ಮಾಡುವ ಅಳತೆಯೊಂದನ್ನು ಪೆನ್ಸಿಲ್ಲಿನಲ್ಲಿ ಬರೆದು ಕೆಳಗೆ ಅಡಾ ಎಂದು ಹೆಸರು ಹಾಕಿತ್ತು. ಅದೇ ಕೈ, ಅದೇ ಸಣ್ಣ ವಾಲಿದ ಅಕ್ಷರ. ಅಡಾ ಹೆನ್ರಿಯ ಹೆಂಡತಿ. ಪೋಸ್ಟರಿನ ಸ್ಕ್ಯಾನನ್ನು ಆಗ ತೆರೆದೆ. ಹೆನ್ರಿಯ ಆ ಒಂದು ವಾಕ್ಯವನ್ನಷ್ಟೇ ಉಳಿಸಿ ಸುತ್ತಲೂ ಕತ್ತರಿಸಿದ್ದರು. ಪಲ್ಲವಿಗೆ ಫೋನ್ ಮಾಡಿ, ಕಾರಣ ಹೇಳದೆ, ಮನೆಯವರ ಹತ್ತಿರ ಇರುವ ಫೋಟೋಗಳನ್ನೆಲ್ಲ ತರಿಸಿಕೊಂಡೆ. ಒಟ್ಟು ಹದಿನಾಲ್ಕು ಬಂದವು. ಹದಿನಾಲ್ಕರಲ್ಲೂ ಅದೇ ವಾಕ್ಯ. ಅದರ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಇತ್ತೆಂಬುದು ಯಾರಿಗೂ ಬೇಕಾಗಿರಲಿಲ್ಲ.

ಒತ್ತಿ ಬರೆದಿದ್ದರೆ ಸೀಸ ಹೋದ ಮೇಲೂ ಕಾಗದದಲ್ಲಿ ತಗ್ಗು ಉಳಿಯುತ್ತದೆ. ಅಡಾ ಒತ್ತಿ ಬರೆದಿರಲಿಲ್ಲ. ಯಾರಾದರೂ ನೋಡಿಯಾರು ಎಂಬ ಅಳುಕಿನಿಂದಲೋ ಏನೋ, ತೀರಾ ಹಗುರವಾಗಿ ಬರೆದಿದ್ದಳು. ಪರಿಚಯದ ಇನ್ನೊಂದು ಲ್ಯಾಬಿಗೆ ಒಯ್ದು ಇನ್‌ಫ್ರಾರೆಡ್ ಕ್ಯಾಮೆರಾದ ಕೆಳಗೂ ಇಟ್ಟು ನೋಡಿದೆವು. ಆರು ಪದ ಇನ್ನಷ್ಟು ಸ್ಪಷ್ಟವಾದವು, ಏಳನೆಯದು ಬರಲಿಲ್ಲ. ಹೊಳೆಯುವ ಆ ತುರಿಯನ್ನು ಮಾತ್ರ ನಾನು ಚೆಲ್ಲಿರಲಿಲ್ಲ. ಒಂದು ಸಣ್ಣ ಗಾಜಿನ ಶೀಶೆಗೆ ತುಂಬಿ ಮುಚ್ಚಳ ಹಾಕಿದ್ದೆ. ಅದರಿಂದ ಉಪಯೋಗವೇನೂ ಇಲ್ಲವೆಂದು ಗೊತ್ತಿತ್ತು, ಆದರೂ ಕಸದ ಬುಟ್ಟಿಗೆ ಹಾಕಲು ಮನಸ್ಸಾಗಲಿಲ್ಲ.

ನಿರ್ದೇಶಕರಿಗೆ ತಪ್ಪು ಗೊತ್ತಾದ ದಿನವೇ ಹೇಳಿದ್ದೆ. ಅವರು ಒಳ್ಳೆಯವರು, ನನ್ನ ಮೇಲೆ ರೇಗಲಿಲ್ಲ. ವರದಿಯಲ್ಲಿ ಬರೆಯಿರಿ, ಸಮಾರಂಭದಲ್ಲಿ ಎತ್ತುವುದು ಬೇಡ, ವರದಿಯನ್ನು ಯಾರು ಓದುತ್ತಾರೆ ಎಂದರು. ಅದು ನಿಜವೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಶುಚಿಯಾದ ಪುಟ, ಬೆಳಗುವ ಫಲಕ, ಎಲ್ಲರಿಗೂ ಸಂತೋಷ. ಒಂದು ದಿನ ಪೂರ್ತಿ ನಾನು ಹಾಗೇ ಮಾಡೋಣವೆಂದೇ ಇದ್ದೆ. ನಿವೃತ್ತಿಯ ಅಂಚಿನಲ್ಲಿ ಹೆಸರು ಕೆಡಿಸಿಕೊಳ್ಳುವ ಭಯ ನನಗೂ ಇತ್ತು. ಕೊನೆಗೆ ಪಲ್ಲವಿಯನ್ನು ಕರೆಸಿ ಪುಟ ತೋರಿಸಿದೆ.

ಅವಳು ಎರಡು ಸಲ ಓದಿದಳು. "ಅಂದ್ರೆ ಆ ತಾತ ತಾನಾಗೇ ಹೋಗ್ಲಿಲ್ವಾ?"

"ಗೊತ್ತಿಲ್ಲ ಮಾರಾಯ್ತಿ. ಅದೇ ಸಂಕಟ. ಉಳಿದದ್ದನ್ನು ನಾನು ಒರೆಸಿ ಆಯ್ತು."

ಅವಳ ಮುಖ ಇಳಿದುಹೋಯಿತು. "ಆಂಟಿ, ಫಂಕ್ಷನ್ ಆದ್ಮೇಲೆ ಹೇಳಿದ್ರೆ ಆಗಲ್ವಾ? ಗ್ರ್ಯಾಂಡ್‌ಮಾಗೆ ಆಪರೇಷನ್ ಇದೆ. ಚಿಕ್ಕೋರಿದ್ದಾಗಿಂದ ಅವರು ಈ ಒಂದು ಕತೆ ಹಿಡ್ಕೊಂಡು ಬಂದಿದ್ದಾರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅದು ನನ್ನ ತಲೆ ಮೇಲೇ ಬರುತ್ತೆ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪುಸ್ತಕವನ್ನು ನನ್ನ ಬಳಿ ತಂದವಳು ಅವಳು, ಕೆಡಿಸಿದವಳು ನಾನು, ಬೈಸಿಕೊಳ್ಳುವವಳು ಮತ್ತೆ ಅವಳೇ. ಆದರೆ ಆಪರೇಷನ್ ಆದ ಮೇಲೆ ಹೇಳಲು ಡೊರಥಿ ಇಲ್ಲದೇ ಹೋದರೆ ಎಂದು ಬಾಯಿಗೆ ಬಂದ ಮಾತನ್ನು ನುಂಗಿದೆ. ಅದನ್ನು ಅವಳೇ ಯೋಚಿಸಿರಬೇಕು. ಚೀಲ ಹೆಗಲಿಗೆ ಹಾಕಿಕೊಂಡು, "ಶನಿವಾರ ಗ್ರ್ಯಾಂಡ್‌ಮಾ ಹತ್ರ ಹೋಗೋಣ, ನಾನೂ ಬರ್ತೀನಿ," ಎಂದಳು.

ಗಿಲ್‌ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು. ಫ್ರೀವೇ ಇಳಿದ ಮೇಲೆ ಕಾರಿನೊಳಗೂ ಬೆಳ್ಳುಳ್ಳಿ ವಾಸನೆ ಬಂತು. ಡೊರಥಿ ಬಾಗಿಲಲ್ಲೇ ನಿಂತಿದ್ದರು. ಸಣ್ಣ ದೇಹ, ಗಟ್ಟಿ ದನಿ. ಅವರು ಆಡಿದ ಇಂಗ್ಲಿಷನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾನು ಏನನ್ನೂ ಸುತ್ತಿ ಬಳಸಿ ಹೇಳಲಿಲ್ಲ. ಫೋಟೋ ತೆಗೆಯದೆ ಬಿಟ್ಟದ್ದು, ರಬ್ಬರು ತಿರುಗಿಸಿದ್ದು, ತುರಿ ಹೊಳೆದದ್ದು, ಅದನ್ನು ಶೀಶೆಗೆ ತುಂಬಿಟ್ಟದ್ದು, ಆರು ಪದ ಉಳಿದದ್ದು, ಎಲ್ಲ ಹೇಳಿ ಪುಟವನ್ನು ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇಡೀ ಪುಸ್ತಕದಲ್ಲಿ ಅಜ್ಜಿ ಬರೆದದ್ದು ಇನ್ನೆಲ್ಲಿದೆ?"

"ಜಾಮಿನ ಅಳತೆ. ಅದು ಬಿಟ್ಟರೆ ಇದೊಂದೇ."

"ಅದನ್ನು ನೀನು ಕೊಳೆ ಅಂದುಕೊಂಡೆ."

"ಹೌದು."

"ಈಗ ಹೊರಡಿ," ಎಂದರು. ಪಲ್ಲವಿ ಅವರ ಕೈ ಹಿಡಿಯಲು ಹೋದಳು, ಅವರು ಕೈ ಕೊಡಲಿಲ್ಲ. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವಾಗ ಪಲ್ಲವಿ ಅತ್ತುಬಿಟ್ಟಳು. ನನಗೆ ಆಗ ಅವಳನ್ನು ಸಮಾಧಾನ ಮಾಡುವ ಯೋಗ್ಯತೆಯೂ ಇಲ್ಲ ಅನ್ನಿಸಿತು. ಮುವ್ವತ್ತು ವರ್ಷದ ಕೆಲಸದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮರುದಿನ ಭಾನುವಾರ. ನವೆಂಬರ್ ಚುನಾವಣೆಗೆ ಅಂಚೆಯಲ್ಲಿ ಬಂದಿದ್ದ ಬ್ಯಾಲೆಟ್ಟುಗಳು, ಅಂದರೆ ನನ್ನ ಮತ್ತು ನಮ್ಮ ಯಜಮಾನರ ಮತಪತ್ರಗಳು, ಊಟದ ಮೇಜಿನ ಮೇಲಿದ್ದವು. ನಮ್ಮಲ್ಲಿ ಪದ್ಧತಿಯೊಂದಿದೆ, ಬೇ ಏರಿಯಾದ ಎಷ್ಟೋ ಮನೆಗಳಲ್ಲಿ ಇರಬಹುದು. ಇವರು ಸರಕಾರ ಕಳಿಸುವ ದಪ್ಪ ಚುನಾವಣಾ ಮಾಹಿತಿ ಪುಸ್ತಕವನ್ನು ಓದಿ ತಮ್ಮದನ್ನು ತುಂಬುತ್ತಾರೆ. ನಾನು ಕುಕ್ಕರ್ ಆರಿಸಿ ಬಂದು, ಇವರು ಹೇಳಿದ ಕಡೆಯಲ್ಲೆಲ್ಲ ಗುರುತು ಹಾಕಿ ಸಹಿ ಮಾಡುತ್ತೇನೆ. ನಾನು ಇಲ್ಲಿನ ಪ್ರಜೆಯಾದಂದಿನಿಂದ ಹೀಗೇ ನಡೆದಿತ್ತು. ಇವರು ಒತ್ತಾಯ ಮಾಡಿದವರಲ್ಲ, ನಾನು ಕೇಳಿದವಳೂ ಅಲ್ಲ. ಅಂದು ನನ್ನ ಬ್ಯಾಲೆಟ್ಟನ್ನೂ ಆ ಪುಸ್ತಕವನ್ನೂ ಎತ್ತಿಕೊಂಡು ಒಳಗಿನ ಕೋಣೆಗೆ ಹೋದೆ.

"ಎಂತ, ಈ ಸಲ ಹೊಸ ಪದ್ಧತಿಯಾ?" ಎಂದರು ಇವರು.

"ಓದ್ತೇನೆ. ನಂದು ನಾನೇ ಹಾಕ್ತೇನೆ," ಎಂದೆ. ಆ ಪುಸ್ತಕ ನಿಜಕ್ಕೂ ಬೇಸರದ ಪುಸ್ತಕ. ಓದಿ ಮುಗಿಸಲು ನನಗೆ ಮೂರು ದಿನ ಬೇಕಾಯಿತು.

ಬುಧವಾರ ಬೆಳಿಗ್ಗೆ ಲ್ಯಾಬಿಗೆ ಡೊರಥಿಯವರ ಫೋನ್ ಬಂತು. ನಮಸ್ಕಾರ, ಕ್ಷೇಮ ಸಮಾಚಾರ ಯಾವುದೂ ಇಲ್ಲ. ನೇರವಾಗಿ ಒಂದು ನೆನಪು ಹೇಳಿದರು. ಅವರು ಚಿಕ್ಕವರಿದ್ದಾಗ ಅಜ್ಜಿಯ ಮನೆಯಲ್ಲಿ ಚುನಾವಣೆಯ ದಿನ ಅಜ್ಜಿ ವೋಟು ಹಾಕಿ ಬರುವ ತನಕ ಒಲೆ ಹಚ್ಚುತ್ತಿರಲಿಲ್ಲವಂತೆ. ಅಡಾ ಬೆಳಿಗ್ಗೆ ಎದ್ದು ಟೋಪಿ ಇಟ್ಟುಕೊಂಡು, ಮೊಮ್ಮಗಳ ಕೈ ಹಿಡಿದು, ಅದೇ ಶಾಲೆಗೆ ನಡೆದುಹೋಗಿ ವೋಟು ಹಾಕಿ ಬರುತ್ತಿದ್ದಳು. ಬಂದ ಮೇಲೇ ಕಾಫಿ, ತಿಂಡಿ. ಅಲ್ಲಿಯವರೆಗೆ ಹೆನ್ರಿ ಹಿಂದಿನ ದಿನದ ತಣ್ಣಗಿನ ಬ್ರೆಡ್ಡು ಹಿಡಿದು, ಮಾತಿಲ್ಲದೆ ಜಗಲಿಯಲ್ಲಿ ಕೂತಿರುತ್ತಿದ್ದ.

"ಅಜ್ಜಿಗೆ ಅದೊಂದು ಹುಚ್ಚು ಅಂತ ನಾವೆಲ್ಲ ನಗುತ್ತಿದ್ದೆವು. ಯಾಕೆ ಅಂತ ನಾನು ಕೇಳಲೇ ಇಲ್ಲ. ಅವಳು ಸಾಯುವಾಗ ನನಗೆ ಹದಿನೇಳು ವರ್ಷ, ಕೇಳುವ ವಯಸ್ಸೇ. ನೀನು ಒರೆಸಿದ್ದು ಅರ್ಧ ಸಾಲು ಅಷ್ಟೇ. ಉಳಿದದ್ದನ್ನು ನಾವು ಒರೆಸಿದ್ದೇವೆ," ಎಂದರು. ಆಮೇಲೆ ಅಪ್ಪಣೆ ಕೊಟ್ಟರು: "ತಾರಾ ಎರಡನ್ನೂ ಓದಲಿ. ನೀನೂ ಬರಬೇಕು. ಯಾರಾದರೂ ಕೇಳಿದರೆ ಉತ್ತರ ನೀನು ಕೊಡಬೇಕು, ಮಗು ಅಲ್ಲ."

ಕಾರ್ಯಕ್ರಮ ಅಕ್ಟೋಬರ್ ನಡುವಿನ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಶಾಲೆಯ ಮುಂದೆ ಅರುವತ್ತು ಕುರ್ಚಿ ಹಾಕಿದ್ದರು, ಮುಕ್ಕಾಲು ಪಾಲು ಜನ ಅದೇ ಟೀ ಶರ್ಟಿನಲ್ಲಿ. ಫಲಕ ಮೊದಲೇ ಎರಕವಾಗಿ ಬಂದಾಗಿತ್ತು. ಅದರಲ್ಲಿ ಹೆನ್ರಿಯ ಹೆಸರಷ್ಟೇ ಇತ್ತು, ಬದಲಿಸುವ ಹಾಗಿರಲಿಲ್ಲ. ಪಲ್ಲವಿ ಸೀರೆ ಉಟ್ಟು, ಡೊರಥಿಯವರ ಗಾಲಿಕುರ್ಚಿಯ ಹಿಂದೆ ನಿಂತಿದ್ದಳು. ಅವರು ಅವಳ ಮೇಲೆ ಇನ್ನೂ ಸ್ವಲ್ಪ ಬಿಗುವಾಗೇ ಇದ್ದರು.

ತಾರಾ ಮೊದಲು ಹೆನ್ರಿಯ ವಾಕ್ಯ ಓದಿದಳು. ಜನ ಚಪ್ಪಾಳೆ ಹೊಡೆದರು, ಇಬ್ಬರು ಮೂವರು ಏಳಲೂ ಹೊರಟರು. ಹುಡುಗಿ ಕೈ ಎತ್ತಿ, "ವೇಟ್, ದೇರ್ ಈಸ್ ಮೋರ್," ಎಂದಳು. ಆಮೇಲೆ ಆ ಆರು ಪದ ಓದಿ ನಿಲ್ಲಿಸಿದಳು. 'ಹಿ ವುಡ್ ನಾಟ್ ಗೋ ಟಿಲ್ ಐ.' ಎಲ್ಲರೂ ಉಳಿದದ್ದಕ್ಕೆ ಕಾದರು. ಹುಡುಗಿ ಪುಸ್ತಕ ಮುಚ್ಚಿದಳು. ಹಿಂದಿನ ಸಾಲಿನಿಂದ ಒಬ್ಬ ಗಂಡಸು, ಅವಳು ಏನು ಮಾಡುವ ತನಕ, ಎಂದು ಕೇಳಿದ. ತಾರಾ ನನ್ನ ಕಡೆ ನೋಡಿದಳು.

ನಾನು ಎದ್ದು ನಿಂತೆ. "ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅಡಾ ಬರೆದಿಟ್ಟಿದ್ದಳು. ನೂರು ವರ್ಷಕ್ಕೂ ಮೀರಿ ಅದು ಇಲ್ಲೇ ಇತ್ತು. ಮೊನ್ನೆ ಸೆಪ್ಟೆಂಬರಿನಲ್ಲಿ ನಾನು ಅಳಿಸಿದೆ," ಎಂದೆ. ಟೀ ಶರ್ಟಿನ ಹೆಂಗಸೊಬ್ಬಳು ಎದ್ದು ತನ್ನ ಕಾರಿನ ಕಡೆ ನಡೆದುಹೋದಳು. ಅವಳು ಡೊರಥಿಯವರ ಮಗಳೆಂದೂ, ಇವತ್ತಿಗೂ ಪಲ್ಲವಿಯ ಜೊತೆ ಸರಿಯಾಗಿ ಮಾತಾಡುವುದಿಲ್ಲವೆಂದೂ ನನಗೆ ಆಮೇಲೆ ತಿಳಿಯಿತು.

ಎಲ್ಲರೂ ಊಟದ ಕಡೆ ಹೋದ ಮೇಲೆ ಡೊರಥಿ ನನ್ನನ್ನು ಹತ್ತಿರ ಕರೆದು ಶೀಶೆ ಕೇಳಿದರು. ನಾನು ಅದನ್ನು ಚೀಲದಲ್ಲಿ ಇಟ್ಟುಕೊಂಡು ಬಂದಿರುತ್ತೇನೆಂದು ಅವರು ಹೇಗೆ ಊಹಿಸಿದರೋ ಕಾಣೆ. ಬಿಸಿಲಿಗೆ ಹಿಡಿದು ನೋಡಿದರು. ಬೂದು ಬಣ್ಣದ ತುರಿ ಅಲ್ಲಲ್ಲಿ ಮಿನುಗಿತು. ಪಲ್ಲವಿಯ ಕೈಯನ್ನು ತಾವಾಗಿ ಎಳೆದು, ಅದರಲ್ಲಿ ಶೀಶೆ ಇಟ್ಟು, ಬೆರಳು ಮುಚ್ಚಿದರು. "ಪುಸ್ತಕದ ಜೊತೆಯಲ್ಲೇ ಇಡಿಸು. ಇದನ್ನು ಇನ್ನು ನೀನು ನೋಡಿಕೋ," ಎಂದರು. ಆಪರೇಷನ್ ಚೆನ್ನಾಗಿ ಆಯಿತು. ಅವರು ಇನ್ನೆರಡು ವರ್ಷ ಬದುಕಿದ್ದರು.

ನಮ್ಮ ವರದಿಗಳಲ್ಲಿ ಕೆಲಸ ಮಾಡಿದವರ ಮಾತು ಬರುವುದಿಲ್ಲ. ಪುಟ ಶುಚಿಯಾಯಿತು, ಹರಿದ ಅಂಚು ಸೇರಿತು ಎಂದಷ್ಟೇ ಬರೆಯುವುದು ರೂಢಿ, ಎಲ್ಲವೂ ತಾನಾಗಿಯೇ ಆದ ಹಾಗೆ. ಆ ಒಂದು ವರದಿಯಲ್ಲಿ ಮಾತ್ರ 'ನಾನು ಅಳಿಸಿದೆ' ಎಂದು ಬರೆದು ಹೆಸರು ಹಾಕಿದೆ. ಕೊಳೆ ಯಾವುದು, ಬರಹ ಯಾವುದು ಎಂದು ನನಗೆ ಗೊತ್ತಿದೆ ಎಂಬ ನಂಬಿಕೆಯೇ ಈ ಕೆಲಸದ ದೊಡ್ಡ ಅಪಾಯ ಎಂದು ನಾನು ಕಲಿತೆ. ಕಲಿತದ್ದು ನಾನು, ತೆತ್ತವಳು ಅಡಾ. ಡೊರಥಿಯವರ ಮನೆಯವರು ಕೊಟ್ಟ ಆ ಪುಸ್ತಕ ಈಗ ಮ್ಯೂಸಿಯಮ್ಮಿನಲ್ಲೇ ಇದೆ, ಪಕ್ಕದಲ್ಲಿ ಶೀಶೆ. ಅದರ ಮೇಲಿನ ಚೀಟಿ ನನ್ನ ಕೈಬರಹ: ಅಡಾ, ಪುಟ ಎಪ್ಪತ್ತೊಂದು, ಸಾಲಿನ ಉಳಿದರ್ಧ.